ಚಿಕ್ಕಮ್ಮನ ಚಕ್ರ

ನಿಲ್ಲಿಸಿಟ್ಟ ಸೈಕಲ್ಲೊಂದನ್ನು ಮುಟ್ಟದೆ ನಮ್ಮ ಚಿಕ್ಕಮ್ಮ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ಅದು ಪರಿಚಿತರದಾಗಿರಲಿ, ಅಪರಿಚಿತರದಾಗಿರಲಿ, ಬಗ್ಗಿ, ಚಕ್ರವನ್ನೆತ್ತಿ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಕಟ್ಟಿದವನ ಯೋಗ್ಯತೆಯ ಬಗ್ಗೆ ತೀರ್ಪು ಕೊಟ್ಟ ಮೇಲೆಯೇ ಅವರ ಮುಂದಿನ ಹೆಜ್ಜೆ. ಸೈಕಲ್ ಕಾರ್ಖಾನೆಯ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದರೂ ಅಲ್ಲಿಯ ನೀಲಿ ಕೋಟನ್ನು ಬಿಟ್ಟವರಲ್ಲ. ಅದರ ಜೇಬುಗಳಲ್ಲಿ ಚಕ್ರದ ಕಡ್ಡಿ ಬಿಗಿಯುವ ಕೀಲಿ, ಎಣ್ಣೆ ಹಿಡಿದ ಚಿಂದಿ, ನಟ್ಟು ಬೋಲ್ಟುಗಳು ಸದಾ ತುಂಬಿರುತ್ತಿದ್ದುದರಿಂದ ಅವರ ಸಪ್ಪಳ ಅವರಿಗಿಂತ ಮೊದಲೇ ಬಾಗಿಲಿಗೆ ಬರುತ್ತಿತ್ತು. ವಿನಯವೆಂಬ ಸದ್ಗುಣ ಅವರ ಹತ್ತಿರ ಸುಳಿದದ್ದೇ ಇಲ್ಲ. ಮಾತುಮಾತಿಗೆ "ನಾನು ಹೇಳಿರ್ಲಿಲ್ವಾ?" ಎನ್ನುತ್ತಿದ್ದರು. ಹೆಚ್ಚಿನ ಸಲ ನಿಜವಾಗಿ ಹೇಳಿರುತ್ತಿದ್ದರು, ಅದೇ ನಮ್ಮೆಲ್ಲರ ಕಷ್ಟ.

ಅವರ ಮಗಳಿಗೆ ಅಂಚೆ ಹಂಚುವ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಸೈಕಲ್ ಸಮೇತ ಹಾಜರಾಗಬೇಕು. ಅದಕ್ಕೆ ಎರಡು ದಿನ ಮುಂಚೆ, ಹಿಂದಕ್ಕೆ ಬರುತ್ತಿದ್ದ ಕಾರೊಂದು ಆ ಸೈಕಲ್ಲಿನ ಹಿಂಚಕ್ರವನ್ನು ನಜ್ಜುಗುಜ್ಜು ಮಾಡಿತು. ಹುಡುಗಿ ಕಣ್ಣೊರೆಸಿಕೊಂಡು, "ಗೆಳತಿ ಸೈಕಲ್ ಕೇಳ್ತೀನಮ್ಮ" ಎಂದಳು.

ಚಿಕ್ಕಮ್ಮ ಕೆರಳಿದರು. "ನನ್ನ ಮಗಳು ಮೊದಲನೇ ದಿನಾನೇ ಎರವಲು ಚಕ್ರದ ಮೇಲೆ ಹೋಗೋದಾ? ನಾನಿನ್ನೂ ಬದುಕಿದೀನಿ!"

ಮುರಿದ ಚಕ್ರದಿಂದ ನಡುವಿನ ಹಬ್ ಉಳಿಯಿತು. ಗುಜರಿಯಿಂದ ನೆಟ್ಟಗಿದ್ದ ರಿಮ್ಮೊಂದು ಬಂತು. ಹಳೆಯ ಕಡ್ಡಿಗಳನ್ನು ಒಂದೊಂದಾಗಿ ಅಡುಗೆಮನೆಯ ಮೇಜಿನ ಮೇಲೆ ಉರುಳಿಸಿದರು: ಸರಾಗವಾಗಿ ಉರುಳಿದ್ದು ಚಕ್ರಕ್ಕೆ, ಕುಣಿದದ್ದು ಕಸಕ್ಕೆ. ಭಾನುವಾರ ಮಧ್ಯಾಹ್ನ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು, ತಾವು ಹಿಂದೆ ಕಟ್ಟಿದ ಚಕ್ರಗಳ ಪ್ರತಾಪವನ್ನು ಬಣ್ಣಿಸುತ್ತಲೇ ಕಡ್ಡಿ ಪೋಣಿಸಿ ಬಿಗಿದರು. ತಿರುಗಿಸಿದಾಗ ಚಕ್ರ ಕೂದಲೆಳೆಯಷ್ಟೂ ತೊನೆಯಲಿಲ್ಲ. ನಾವು ಚಪ್ಪಾಳೆ ತಟ್ಟಿದೆವು. ಟೈರು ಕೂತಿತು, ಪಂಪು ಬಂತು.

ಪಂಪು ಒಳಗೆ ಹೋಗಲಿಲ್ಲ. ಗಾಳಿ ತುಂಬುವ ಬಾಯಿಯ ಮೇಲೆಯೇ ಎರಡು ಕಡ್ಡಿಗಳು ಕತ್ತರಿಯ ಹಾಗೆ ಅಡ್ಡ ಬಂದಿದ್ದವು. ಮಾತಿನ ಭರದಲ್ಲಿ ಮೊದಲ ಕಡ್ಡಿಯನ್ನೇ ರಿಮ್ಮಿನ ಸರಿಯಾದ ತೂತು ಬಿಟ್ಟು ಪಕ್ಕದ್ದಕ್ಕೆ ಹಾಕಿಬಿಟ್ಟಿದ್ದರು.

ಜನ್ಮವಿಡೀ ಕೇಳಿಸಿಕೊಂಡೇ ಬಂದ ಚಿಕ್ಕಪ್ಪ ಮೆಲ್ಲಗೆ, "ಇದೊಂದನ್ನ ನೀನು ಹೇಳಿರ್ಲಿಲ್ಲ ಕಣೇ" ಎಂದರು.

"ಇರ್ಲಿ ಬಿಡಮ್ಮ, ಹೇಗಾದ್ರೂ ತುರುಕಿದ್ರಾಯ್ತು. ಯಾರು ನೋಡ್ತಾರೆ?" ಎಂದಳು ಮಗಳು.

"ನಾನು ನೋಡ್ತೀನಲ್ಲ."

ಹಾಗೆಂದವರೇ ಟೈರು ಕಳಚಿ, ಕಡ್ಡಿಗಳನ್ನೆಲ್ಲ ಬಿಚ್ಚಿ ರಾಶಿ ಹಾಕಿದರು. ಆದರೆ ಮತ್ತೆ ಕಟ್ಟಲು ಕೂತಾಗ ಅಷ್ಟು ಹೊತ್ತು ಕಡ್ಡಿ ಬಿಗಿದು ಊದಿದ ಬೆರಳುಗಳು ಸಹಕರಿಸಲಿಲ್ಲ. ಕೀಲಿ ಜಾರಿ ಜಾರಿ ನೆಲಕ್ಕೆ ಬಿತ್ತು. ಕೊನೆಗೆ ಅವರು ಗಂಡನಿಗೂ ಮುಟ್ಟಗೊಡದ ಆ ಕೀಲಿಯನ್ನು ಮಗಳ ಮುಂದೆ ಚಾಚಿದರು.

"ತಪ್ಪು ನಂದೇ. ಬೆರಳು ಮಾತು ಕೇಳ್ತಿಲ್ಲ. ನೀನು ಕಟ್ಟು, ನಾನು ನೋಡ್ತೀನಿ."

ಮಗಳು ಕಟ್ಟಿದಳು. ಚಿಕ್ಕಮ್ಮ ಬಾಯಿಗೆ ಬೀಗ ಹಾಕಿಕೊಂಡು, ಅಗತ್ಯ ಬಿದ್ದ ಕಡೆ ಮಾತ್ರ ಬೆರಳು ತೋರಿಸಿದರು. ಅವರ ಪಾಲಿಗೆ ಅದು ಸಾಮಾನ್ಯ ತಪಸ್ಸಲ್ಲ. ಸಂಜೆಯ ಹೊತ್ತಿಗೆ ಪಂಪಿಗೆ ದಾರಿ ಸಿಕ್ಕಿತು, ಚಕ್ರ ನೆಟ್ಟಗೆ ತಿರುಗಿತು.

ಸೋಮವಾರ ಹುಡುಗಿ ಬೀದಿಯ ತಿರುವು ದಾಟುವವರೆಗೂ ಅವರು ಗೇಟಿನ ಬಳಿ ನಿಂತಿದ್ದರು. ಎದುರುಮನೆಯ ದರ್ಜಿ, "ಚಕ್ರ ನೀವೇ ಕಟ್ಟಿದ್ದಾ ಅಕ್ಕಾ?" ಎಂದು ಕೇಳಿದ.

"ನಾನಲ್ಲಪ್ಪಾ, ನನ್ನ ಮಗಳು!" ಎಂದರು, ಬೀದಿಗೆ ಬೀದಿಯೇ ಕೇಳುವ ಹಾಗೆ.

ಜಂಬಗಾರರೆಂದು ನಾವು ಬೆನ್ನ ಹಿಂದೆ ನಗುವ ಇಂಥವರಿಗೆ ಕೆಲಸ ನೆಟ್ಟಗಾಗಬೇಕು, ಅಷ್ಟೇ. ಅದು ತಮ್ಮ ಕೈಯಿಂದ ಮಕ್ಕಳ ಕೈಗೆ ದಾಟಿದ ದಿನ ಅವರು ಕುಗ್ಗುತ್ತಾರೆಂದು ನಾವು ಹೆದರುತ್ತೇವೆ, ಅವರೋ ಆ ದಿನವೇ ಎಲ್ಲಕ್ಕಿಂತ ದೊಡ್ಡದಾಗಿ ಜಂಬ ಕೊಚ್ಚುತ್ತಾರೆ.