ಯಾರೂ ಒಯ್ಯದ ಮಜ್ಜಿಗೆ

ನಮ್ಮ ಯಂಕಂಚಿಯಲ್ಲಿ ಹಾಲು ಮಾರಿದರೆ ಯಾರೂ ಏನೂ ಅನ್ನುವುದಿಲ್ಲ, ಮಜ್ಜಿಗೆ ಮಾತ್ರ ಮಾರಬಾರದು. ಕೇಳಿ ಬಂದವರಿಗೆ ಸುಮ್ಮನೆ ಹೊಯ್ಯಬೇಕು. ನಮ್ಮತ್ತೆ ಸುಮಿತ್ರಾಬಾಯಿ ಕಡೆಯಲು ಕೂತರೆ ಸಾಕು, ಬಾಗಿಲಲ್ಲಿ ತಂಬಿಗೆಗಳ ಸಂತೆಯೇ ನೆರೆಯುತ್ತಿತ್ತು.

ಕೊರೊನಾದ ಎರಡನೇ ಅಲೆಯಲ್ಲಿ ಅತ್ತೆ ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬಂದರು. ಕೈಯಲ್ಲಿ ಬಲ ಬಂದ ಕೂಡಲೇ ಮಜ್ಜಿಗೆ ಕಡೆದರು. ಒಬ್ಬರೂ ಬರಲಿಲ್ಲ. ಹಾಗಂತ ಓಣಿಯವರು ಕೆಟ್ಟವರೇನಲ್ಲ. ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಲಿಂಬೆಹಣ್ಣು ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಕೊಡಲು ಎಲ್ಲರೂ ಮುಂದು, ಆಕೆಯ ಕೈಯಿಂದ ತಗೊಳ್ಳಲು ಯಾರೂ ಇಲ್ಲ. ಗಡಿಗೆಯಲ್ಲಿ ಹುಳಿಯಾದ ಮಜ್ಜಿಗೆ ಎಮ್ಮೆಯ ಪಾಲಾಯಿತು.

ಅತ್ತೆ ಮೊದಲು ಕಡೆಯುವುದು ಬಿಟ್ಟರು, ಆಮೇಲೆ ಮಾತು, ಕೊನೆಗೆ ಊಟ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಸಿಂದಗಿಯ ಡಾಕ್ಟರು ಗುಳಿಗೆ ಬರೆದು, "ಮೈ ನೆಟ್ಟಗೈತ್ರಿ, ಮನಸ್ಸು ಕುಸಿದೈತಿ. ಜನರ ಜೋಡಿ ಬೆರೀಲಿ" ಅಂದರು. ಜನರನ್ನು ಯಾವ ಅಂಗಡಿಯಿಂದ ತರೋಣ? ಓಣಿಯಲ್ಲಿ ಆಗಲೇ, "ಸುಮಿತ್ರವ್ವಗ ತಲಿ ಕೆಟ್ಟೈತಂತ" ಎಂಬ ಗುಸುಗುಸು. ಮಾವ ಶ್ರೀಶೈಲಪ್ಪ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ಉಳಿಯುವುದಿಲ್ಲವೆಂದೇ ನನಗೂ ಅನಿಸಿತ್ತು.

ಒಂದು ಬೆಳಿಗ್ಗೆ ಎದುರುಮನೆಯ ಜೈತುನಬಿ ತಂಬಿಗೆ ಹಿಡಿದು ಸೀದಾ ಒಳಗೆ ಬಂದಳು. ಅತ್ತೆಯ ವಾರಿಗೆಯವಳು. ನಾನು ಕಡೆದಿಟ್ಟಿದ್ದ ಮಜ್ಜಿಗೆ ಹೊಯ್ಯಲು ಹೋದರೆ ತಂಬಿಗೆ ಹಿಂದಕ್ಕೆಳೆದುಕೊಂಡಳು.

"ನೀ ಬಾಜೂಕ ಸರಿ, ವಿದ್ಯಾವತಿ. ನನಗ ಆಕಿ ಕೈಲೇ ಬೇಕು. ಏ ಸುಮಿತ್ರಾ, ಒಲಿ ಮ್ಯಾಲ ನುಚ್ಚ ಬಿಟ್ಟ ಬಂದೇನಿ. ಏಳ್ತೀಯೋ ಇಲ್ಲೋ?"

ಅತ್ತೆ ಅಲುಗಲಿಲ್ಲ. ಜೈತುನಬಿ ನೆಲದ ಮೇಲೆ ಕೂತೇಬಿಟ್ಟಳು. ಬಿಸಿಲೇರಿತು, ಆಕೆಯ ಮಗ ಅಶ್ಫಾಕ ನುಚ್ಚು ಇಳಿಸಿಟ್ಟು ಬಂದು ಓಣಿಯಿಂದ ಕರೆದರೂ ಏಳಲಿಲ್ಲ. ಕಡೆಗೆ ಅತ್ತೆಯೇ ಗೋಡೆ ಹಿಡಿದು ಎದ್ದು ಬಂದು ಮಜ್ಜಿಗೆ ಹೊಯ್ದರು. ಜೈತುನಬಿ ಅದನ್ನು ಹೊಸ್ತಿಲಿಗೆ ಒಯ್ದು, ಓಣಿಯೆಲ್ಲ ನೋಡುವಂತೆ ನಿಂತು ಗಟಗಟ ಕುಡಿದಳು.

"ನಿನಗ ಅಂಜಿಕಿ ಇಲ್ಲೇನ?" ಎಷ್ಟೋ ದಿನದ ಮೇಲೆ ಅತ್ತೆಯ ಬಾಯಿಂದ ಬಂದ ಮಾತು.

"ಐತಿ. ಅದಕ್ಕ ಇಷ್ಟ ದಿನ ಬರಲಿಲ್ಲ. ಈಗೂ ಕೈ ನಡಗಾಕತ್ತಾವ, ನೋಡು."

ನಿಜಕ್ಕೂ ನಡುಗುತ್ತಿದ್ದವು. ಧೈರ್ಯವಂತರನ್ನು ಬೇಕಾದಷ್ಟು ಕಂಡಿದ್ದೇನೆ. ಅಂಜುತ್ತ ಅಂಜುತ್ತಲೇ ತಂಬಿಗೆ ಖಾಲಿ ಮಾಡಿದವಳನ್ನು ಅವತ್ತೇ ಕಂಡದ್ದು.

ಅತ್ತೆ ಆ ಕೈಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಆಕೆಯ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತು,

"ಜೈತುನಾ, ನನಗೂ ಒಂದ ತಾಟ ನುಚ್ಚ ತಾ. ಹಸಿವ್ಯಾಗೈತಿ" ಅಂದರು.