ಖಾರದ ಗಾಡಿಗೆ ತಗಡು

೧೯೬೩ರ ಬೇಸಿಗೆ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳು. ಇಚಲಕರಂಜಿಯಲ್ಲಿ ಜಿನಮತಿಯ ಮಗ್ಗದ ಶೆಡ್ಡಿನೊಳಗೆ ಒಂದು ಮುಂಜಾನೆ ನೇಕಾರರೆಲ್ಲ ಒಬ್ಬರ ಹಿಂದೊಬ್ಬರು ಸೀನತೊಡಗಿದರು. ಹೊಸ ಬೀಮು ಏರಿಸಿ ಮಗ್ಗ ಚಾಲೂ ಮಾಡಿದ್ದೇ ತಡ, ಎಳೆಗಳ ನಡುವಿನಿಂದ ಕೆಂಪು ಧೂಳು ಏಳುತ್ತಿತ್ತು. ಮಗ್ಗ ನಿಲ್ಲಿಸಿ ನೋಡಿದರೆ, ಗಂಜಿ ಹಾಕಿದ ಬಿಳಿ ನೂಲನ್ನು ಸುತ್ತಿದ ಆ ದೊಡ್ಡ ಉರುಳೆಯ ಒಂದು ಮಗ್ಗುಲಿಗೆ ಶೇಂಗಾ ಎಣ್ಣೆಯ ಕಲೆ ಹರಡಿತ್ತು. ಕಲೆಯ ಮೇಲೆ ಮೆಣಸಿನಕಾಯಿಯ ಬೀಜಗಳು ಅಂಟಿಕೊಂಡಿದ್ದವು.

ಬೀಮು ಬಂದದ್ದು ಜಿನಮತಿಯ ಅಣ್ಣ ಬಾಳಗೊಂಡನ ಪಿಕಪ್ಪಿನಲ್ಲಿ. ಬಾಳಗೊಂಡನಿಗೆ ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ, ಶೇಂಗಾದ ಅಂಗಡಿ. ವಾರಕ್ಕೊಮ್ಮೆ ಇಚಲಕರಂಜಿಯ ಸಂತೆಗೆ ಮಾಲು ತಂದು ಇಳಿಸುತ್ತಿದ್ದ. ಹಿಂದಿರುಗುವ ಮೊದಲು, ನೂಲಿಗೆ ಗಂಜಿ ಹಾಕುವ ಕಾರಖಾನೆಗೆ ಹೋಗಿ ತಂಗಿಯ ಬೀಮುಗಳನ್ನು ಹೇರಿಕೊಂಡು ಅವಳ ಶೆಡ್ಡಿಗೆ ಮುಟ್ಟಿಸುತ್ತಿದ್ದ. ಅವಳ ಗಂಡ ಪದ್ಮಕುಮಾರ ಜ್ವರದಲ್ಲಿ ತೀರಿಕೊಂಡಾಗಿನಿಂದ ಇದು ತಪ್ಪಿರಲಿಲ್ಲ. ಬಾಡಿಗೆಯ ಮಾತನ್ನು ಯಾರಾದರೂ ಎತ್ತಿದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಗಾಡಿ ಹಳೆಯದು. ಹಿಂದಿನ ಕಬ್ಬಿಣದ ತಳ ಅಲ್ಲಲ್ಲಿ ತುಕ್ಕು ಹಿಡಿದಿತ್ತೆಂದು ಮೇಲೆ ಬಿಡಿ ಹಲಗೆಗಳನ್ನು ಹಾಸಿದ್ದ. ಆ ಹಲಗೆಗಳ ಸಂದಿನಲ್ಲೇ ಖಾರ, ಎಣ್ಣೆ, ಕಸ ಎಲ್ಲ ಕೂತಿದ್ದು.

ಮುಂದಿನ ಸಂತೆಯ ದಿನ ಜಿನಮತಿ ಅಣ್ಣನನ್ನು ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ ಕೆಟ್ಟ ಬೀಮು ತೋರಿಸಿದಳು. ತೊಳೆದರೆ ಹೋಗುತ್ತದೆ ಎಂದ ಅವನು. ಹಿಂದಿನ ಸಲವೂ ತೊಳೆದಿದ್ದೆಯಲ್ಲ ಎಂದಳು ಅವಳು.

"ಅಣ್ಣಾ, ಗಾಡಿ ತಳಕ್ಕ ಏನರೆ ಛಲೋದ್ ಕೂಡ್ಸು. ಅಲ್ಲಿತನಕ ನನ್ನ ಬೀಮು ಅದರಾಗ ಬ್ಯಾಡ."

ದನಿ ಏರಿಸದೆ ಹೇಳಿದ್ದರಿಂದ ಮಾತು ಇನ್ನೂ ಚುಚ್ಚಿತು. ಊರಿಗೆ ಮರಳುವ ಸಂಕೇಶ್ವರದ ದಾರಿಯುದ್ದಕ್ಕೂ ಬಾಳಗೊಂಡನಿಗೆ ಗಾಡಿಯನ್ನು ಒಂದೇ ಓಟದಲ್ಲಿ ನಡೆಸಲಾಗಲಿಲ್ಲ. ಎತ್ತಿನ ಗಾಡಿಗಳ ಹಿಂದೆ ಸುಮ್ಮನೆ ತೆವಳುತ್ತಿದ್ದ. ಖಾಲಿ ರಸ್ತೆ ಸಿಕ್ಕಾಗ ಯಾರೋ ಬೆನ್ನಟ್ಟಿದಂತೆ ಓಡಿಸುತ್ತಿದ್ದ.

ಎರಡು ದಿನ ಬಿಟ್ಟು ಕೊಲ್ಹಾಪುರಕ್ಕೆ ಹೋದ. ಕಟ್ಟಿಗೆಯ ಅಡ್ಡೆಯಲ್ಲಿ ಸಾಗವಾನಿ ಹಲಗೆಗಳನ್ನು ನೋಡಿದ. ಸಂದಿಲ್ಲದಂತೆ ಒಂದರೊಳಗೊಂದು ಕೂಡಿಸಿಕೊಡುತ್ತೇವೆ, ಬೀಮು ಅದರ ಮೇಲೆ ಅಲುಗಾಡದೆ ಮಲಗುತ್ತದೆ ಎಂದರು ಅಡ್ಡೆಯವರು. ಹಲಗೆಯ ಮೇಲೆ ಕೈಯಾಡಿಸಿದಾಗ ಮನಸ್ಸಿಗೆ ಬಂತು. ಆದರೆ ಸಾಗವಾನಿಯೂ ಕಟ್ಟಿಗೆಯೇ. ಎಣ್ಣೆ ಕುಡಿಯುತ್ತದೆ, ಖಾರದ ವಾಸನೆ ಬಿಡುವುದಿಲ್ಲ. ಅಲ್ಲಿಂದ ಎದ್ದು, ಹಳೆಯ ಯಂತ್ರದ ರಬ್ಬರ್ ಪಟ್ಟಾ ಮಾರುವವನ ಹತ್ತಿರ ಹೋದ. ಉಜ್ಜಿದ ಬೆರಳು ಕರ್ರಗಾಯಿತು. ಬಿಳಿ ನೂಲಿಗೆ ಇದು ಆಗದು.

ಕೊನೆಗೆ ಅದೇ ಊರಿನ ಉದ್ಯಮನಗರದಲ್ಲಿ ನಾಮದೇವ ಎಂಬ ತಗಡಿನ ಕೆಲಸದವನು ಸಿಕ್ಕ. ಒಂದೇ ಅಖಂಡ ತಗಡು ಹಾಸಿ, ಅಂಚುಗಳನ್ನು ಪಕ್ಕದ ಗೋಡೆಗಳ ಮೇಲಕ್ಕೆ ಮಡಚಿ, ಮೂಲೆಗೆ ಬೆಸುಗೆ ಹಾಕಿದರೆ ಒಂದು ಬಕೆಟ್ ನೀರಿಗೆ ತಳ ತೊಳೆದ ತಾಟಿನಂತಾಗುತ್ತದೆ ಎಂದ. ಬೀಮು ಇಟ್ಟರೆ ಎಂದು ಬಾಳಗೊಂಡ ಕೇಳಿದ. ನಾಮದೇವ ಆಗದೆಂದು ತಲೆಯಾಡಿಸಿದ. ನುಣ್ಣನೆಯ ತಗಡಿನ ಮೇಲೆ ಉರುಳೆ ಜಾರುತ್ತದೆ, ಬಿಸಿಲಿಗೆ ತಗಡು ಕಾದು ಗಂಜಿಯ ನೂಲು ಬೆವರುತ್ತದೆ.

"ಪಾವ್ಹಣಂ, ಗಾಡೀತನಂ ನ್ಯಾಯಚಂ ಕಾಯ, ತೆ ಆಧೀ ಸಾಂಗಾ," ಎಂದ ಮರಾಠಿಯಲ್ಲಿ. ಸಾಗಿಸುವುದು ಏನು, ಅದನ್ನು ಮೊದಲು ಹೇಳಿರಿ.

ಎರಡನ್ನೂ ಎಂದ ಬಾಳಗೊಂಡ. ಹಾಗಾದರೆ ಮನೆಗೆ ಹೋಗಿ ವಿಚಾರ ಮಾಡಿ ಬನ್ನಿ ಎಂದು ನಾಮದೇವ ತನ್ನ ಸುತ್ತಿಗೆ ಎತ್ತಿಕೊಂಡ. ಗಾಡಿಯ ಅಳತೆಯನ್ನೂ ಕೊಡದೆ ಬಾಳಗೊಂಡ ಮರಳಿದ.

ಆಮೇಲೆ ಅವನಿಗೆ ಅಂಗಡಿಯಲ್ಲಿ ಕೂತಲ್ಲಿ ಕೂಡಲಾಗಲಿಲ್ಲ. ಸಂತೆ ತಪ್ಪಿಸಿದ; ಮೆಣಸಿನಕಾಯಿಯ ಚೀಲಗಳು ಬಾಗಿಲವರೆಗೂ ಬಂದವು. ಗಿರಾಕಿ ಮಾತಾಡುತ್ತಿರುವಾಗಲೇ ಎದ್ದು ಹೋಗಿ ಗಾಡಿಯ ಹಿಂದೆ ನಿಂತು ತಳ ನೋಡುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೆಂಡತಿ ರಾಜಮತಿ ಅಂದಳು:

"ಅಕಿ ಬ್ಯಾಡ ಅಂದಾಳಲ್ರಿ. ತಗಡು ಹಾಕ್ಸಿ ನಿಮ್ಮ ಖಾರ ನೀವು ಹೇರ್‍ರಿ. ಅಕಿ ಬೀಮಿಗೆ ಅಕಿ ಏನರೆ ಮಾಡ್ಕೋತಾಳ."

ಅರ್ಧ ರೊಟ್ಟಿ ಬಿಟ್ಟು ಬಾಳಗೊಂಡ ಕೈ ತೊಳೆದ. ತಂಗಿ ಏನಾದರೂ ಮಾಡಿಕೊಳ್ಳುತ್ತಾಳೆ ಎಂಬುದು ಅವನಿಗೂ ಗೊತ್ತಿತ್ತು. ಅದೇ ಅವನಿಗೆ ಬೇಡವಾಗಿತ್ತು. ಮರುದಿನದ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದ: ಸಾಗವಾನಿಯೇ ಸರಿ. ಮೆಣಸಿನಕಾಯಿ ಬೇಕಾದರೆ ಬೇರೆಯವರ ಲಾರಿಯಲ್ಲಿ ಹೋಗಲಿ, ಈ ಗಾಡಿ ಇನ್ನು ನೂಲಿಗೆ. ಕೊಲ್ಹಾಪುರಕ್ಕೆ ಹೊರಟವನು, ಮೊದಲು ತಂಗಿಗೆ ಹೇಳಿಬಿಡೋಣವೆಂದು ಇಚಲಕರಂಜಿಯ ಕಡೆ ತಿರುಗಿಸಿದ.

ಶೆಡ್ಡಿನ ಮುಂದೆ ಒಂದು ಎತ್ತಿನ ಗಾಡಿ ನಿಂತಿತ್ತು. ಹುಲ್ಲು ಹಾಸಿ, ಮೇಲೆ ಒಗೆದ ಕೌದಿ ಹೊದಿಸಿ, ಅದರ ಮೇಲೆ ಬೀಮುಗಳನ್ನು ಮಲಗಿಸಿದ್ದರು. ಗಾಡಿ ಹೊಡೆಯುವ ರಾಮಲಿಂಗ ಒಂದು ತುದಿ ಹಿಡಿದಿದ್ದ, ಜಿನಮತಿ ಸೆರಗು ಸಿಕ್ಕಿಸಿ ಇನ್ನೊಂದು ತುದಿಗೆ ಕೈ ಕೊಟ್ಟಿದ್ದಳು. ಬೀಮು ಒಳಗೆ ಹೋಗುವ ತನಕ ಬಾಳಗೊಂಡ ಪಿಕಪ್ಪಿನಿಂದ ಇಳಿಯಲಿಲ್ಲ. ತಿಂಗಳ ಲೆಕ್ಕದಲ್ಲಿ ರಾಮಲಿಂಗನನ್ನೇ ಗೊತ್ತುಮಾಡಿದ್ದೇನೆ ಎಂದು ಜಿನಮತಿ ತಾನಾಗಿಯೇ ಬಂದು ಹೇಳಿದಳು.

"ನಾ ಸಾಗವಾನಿ ಹಾಕ್ಸಾಕ ಹೊಂಟೇನಿ," ಎಂದ ಬಾಳಗೊಂಡ. "ಖಾರ ಹೇರೂದ ಬಿಡ್ತೇನಿ."

"ಯಾಕ ಬಿಡ್ತಿ? ಅದು ನಿನ್ನ ಕಸಬು. ತಗಡು ಹಾಕ್ಸ್ಕೋ."

"ಮತ್ತ ನಾ ಇಲ್ಲಿಗೆ ಯಾಕ ಬರ್ಲಿ?"

ಬಾಯಿಂದ ಬಿದ್ದ ಮೇಲೆ ಅವನಿಗೇ ನಾಚಿಕೆಯಾಯಿತು. ಜಿನಮತಿ ಅವನ ಮುಖ ನೋಡಿದಳು.

"ಬೀಮಿನ ಸಲುವಾಗಿ ಬರ್ತಿದ್ದೇನು?" ಎಂದಳು. "ಇವರು ಹೋದಾಗಿಂದ ನಮ್ಮನಿ ಒಳಗ ಕಾಲಿಟ್ಟಿಯೇನು ನೀ? ಬೀಮು ಇಳಸ್ತಿ, ಹೋಗ್ತಿ. ಅತ್ತಿ ಪ್ರತಿ ಸಂತಿಗೂ ಕೇಳ್ತಾರ, ಬಾಳಗೊಂಡ ಬಂದಿದ್ನೇನು ಅಂತ. ಬೀಮು ಬಂದಾವ ಅಂತೇನಿ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಪದ್ಮಕುಮಾರ ಇದ್ದಾಗ ಪಡಸಾಲೆಯ ಜೋಕಾಲಿಯಲ್ಲಿ ಇಬ್ಬರೂ ಕೂತು, ದರ ಏರಿದ್ದು ಇಳಿದದ್ದು, ಕುಸ್ತಿಯಲ್ಲಿ ಯಾರು ಯಾರನ್ನು ಚಿತ್ ಮಾಡಿದ್ದು ಎಲ್ಲ ಆಡುತ್ತಿದ್ದರು. ಆ ಜೋಕಾಲಿ ಖಾಲಿ ಇರುವುದನ್ನು ನೋಡಲಾರದೆ ಅವನು ಶೆಡ್ಡಿನ ಬಾಗಿಲಿನಿಂದಲೇ ತಿರುಗುತ್ತಿದ್ದ. ಕೆಲಸದ ಅವಸರವೆಂದು ಎಲ್ಲರೂ ತಿಳಿದಿದ್ದಾರೆ ಎಂದುಕೊಂಡಿದ್ದ. ಗಾಡಿ ಹತ್ತಿ ಹೊರಟ.

ಕೊಲ್ಹಾಪುರದಲ್ಲಿ ಅಡ್ಡೆಯ ಮುಂದೆ ಗಾಡಿ ನಿಲ್ಲಿಸಿದ, ಇಳಿಯಲಿಲ್ಲ. ಉದ್ಯಮನಗರಕ್ಕೆ ಹೋಗಿ ನಾಮದೇವನಿಗೆ ಖಾರ ಎಂದಷ್ಟೇ ಹೇಳಿದ. ಹಳೆಯ ಹಲಗೆಗಳು ಹೊರಬಂದವು, ತುಕ್ಕು ಉಜ್ಜಿ ಬಣ್ಣ ಬಳಿದರು, ತಗಡು ಕೂತಿತು. ಸುತ್ತಿಗೆಯ ಸದ್ದಿಗೆ ಬಾಳಗೊಂಡ ಓಣಿಯ ತುದಿಯವರೆಗೆ ಹೋಗಿ ಹೋಗಿ ಬರುತ್ತಿದ್ದ. ಕೆಲಸ ಮುಗಿದಾಗ ತಳದ ಹೊಳಪಿಗೆ ಕಣ್ಣು ಕುಕ್ಕಿತು. ಚೆನ್ನಾಗಿದೆ ಎಂದ, ಆದರೆ ಸಂತೋಷವೇನೂ ಆಗಲಿಲ್ಲ.

ಮುಂದಿನ ಸಂತೆಗೆ ಮಾಲು ತಂದ. ಎಲ್ಲ ಚೀಲ ಇಳಿಸಿ ತಳ ತೊಳೆದಾಗ ನಾಮದೇವ ಹೇಳಿದಂತೆಯೇ ಒಂದು ಬೀಜವೂ ಉಳಿಯಲಿಲ್ಲ. ಸ್ಟಿಯರಿಂಗ್ ತಾನಾಗಿ ಗಂಜಿಯ ಕಾರಖಾನೆಯ ಕಡೆ ಹೊರಳಿತು. ಅಲ್ಲಿ ರಾಮಲಿಂಗನ ಎತ್ತುಗಳು ನೆರಳಿನಲ್ಲಿ ಮೆಲುಕು ಹಾಕುತ್ತಿದ್ದವು. ಬಾಳಗೊಂಡ ನಿಲ್ಲಿಸದೆ ದಾಟಿದ. ಊರ ದಾರಿಗೆ ಬಂದವನು ಮತ್ತೆ ತಿರುಗಿಸಿ, ಶೆಡ್ಡು ದಾಟಿ, ತಂಗಿಯ ಮನೆಯ ಮುಂದೆ ನಿಂತ.

ಒಳಗೆ ಜಿನಮತಿಯ ಅತ್ತೆ ಮಾಣಿಕಬಾಯಿ ಅಕ್ಕಿ ಆರಿಸುತ್ತಿದ್ದರು. ಏನು ತಂದಿ ಎಂದು ಕೇಳಿದರು. ಏನೂ ಇಲ್ಲ, ಸುಮ್ಮನೆ ಬಂದೆ ಎಂದ. ಜೋಕಾಲಿ ಅಲ್ಲೇ ಇತ್ತು. ಅದರ ಮೇಲೆ ಮಡಚಿದ ಬಟ್ಟೆಗಳ ಗಂಟು ಇಟ್ಟಿದ್ದರು. ಅದರ ಕಡೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತ. ಗಾಡಿ ಬಿಸಿಲಿನಲ್ಲಿದೆ ಎಂದು ಎದ್ದು ಹೋಗಿ ನೋಡಿ ಬಂದ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಜಿನಮತಿ ಅವನನ್ನು ತಡೆಯಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣುವ ಜೈನರ ಮನೆ. ಅವಳು ತಾಟು ಹಾಕಿ ಕರೆದಳು.

ಉಣ್ಣುತ್ತ ಮಾಣಿಕಬಾಯಿ ಮಗ ಪದ್ಮಕುಮಾರನ ಮಾತು ತೆಗೆದರು. ಗಾಡಿ ಕಲಿಯುತ್ತೇನೆಂದು ಹೊರಟು ಬೇಲಿಗೆ ನುಗ್ಗಿಸಿದ್ದನಂತಲ್ಲ, ಅದು ಎಲ್ಲಿ ಎಂದು ಕೇಳಿದರು. ಉತ್ತೂರಿನ ದಾರಿಯಲ್ಲಿ ಎಂದ ಬಾಳಗೊಂಡ. ಬೇಲಿಯ ಒಡೆಯ ಓಡಿ ಬಂದಾಗ ಪದ್ಮಕುಮಾರ ಬಾಳಗೊಂಡನ ಕಡೆ ಕೈ ತೋರಿಸಿ, ಓಡಿಸುತ್ತಿದ್ದವನು ಇವನೇ ಎಂದುಬಿಟ್ಟಿದ್ದ. ಬಾಳಗೊಂಡ ಅದನ್ನು ಕೊನೆಯವರೆಗೆ ಹೇಳಿದ. ಜಿನಮತಿ ಆ ಕಥೆಯನ್ನು ಹಿಂದೆ ಕೇಳಿರಲಿಲ್ಲ. ಅವಳು ನಕ್ಕಳು, ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡವೆನ್ನಲಿಲ್ಲ.