ಚಿತ್ರದ ಹಿಂದಿನ ಮಾತು

ಬಹಳ ಹಿಂದೇನಲ್ಲ, ಎರಡು ಸಾವಿರದ ಎಂಟರಲ್ಲಿ, ಕಾರವಾರದ ಒಂದು ಕಚೇರಿಯ ಕಂಪ್ಯೂಟರಿನೊಳಗೆ ಒಬ್ಬ ಪರೀಕ್ಷಕನಿದ್ದ; ಮನುಷ್ಯನಲ್ಲ, ಬರೀ ಒಂದು ತಂತ್ರಾಂಶ. ಅವನಿಗೆ ಕಣ್ಣಿಲ್ಲ, ಕಿವಿಯಿಲ್ಲ, ಮೂಗೂ ಇಲ್ಲ. ಕುರುಡರು ಯಾವ ವೆಬ್‌ಸೈಟನ್ನು ಎಷ್ಟು ಚೆನ್ನಾಗಿ ಬಳಸಬಲ್ಲರೆಂದು ನಿಮಿಷದೊಳಗೆ ಅಂಕ ಕೊಡುತ್ತಿದ್ದ. ಅಂಕೋಲೆಯ ಕಚೇರಿಗೆ ನೂರಕ್ಕೆ ಎಪ್ಪತ್ನಾಲ್ಕು ಕೊಟ್ಟ. ಕಾರವಾರಕ್ಕೆ ನಲವತ್ತೊಂದು.

ಮೂಗಿದ್ದದ್ದು ಕಾರವಾರ ಕಚೇರಿಯ ಮೇಲಧಿಕಾರಿ ಕಮಲಾಕರ ಸಾಹೇಬರಿಗೆ.

“ಬುಟ್ಟಿ ಹೊರಗಿಡೇ, ದರಿದ್ರದವಳೇ! ಒಣಮೀನು ನಾತ!”

“ಬುಟ್ಟಿ ಮನೇಲೇ ಅದೆ, ಸಾಯ್ಬ್ರೆ,” ಎಂದಳು ಗಂಗಿ. “ನಾತ ನಂದೇಯ.”

ಹಾರವಾಡದ ಗಂಗಿ ಹುಟ್ಟುಕುರುಡಿ. ಹೊಸ ಮೀನುಮಾರುಕಟ್ಟೆಯಲ್ಲಿ ಕೂರುವ ಜಾಗಕ್ಕೆ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬೇಕಿತ್ತು. ಬೇರೆಯವರ ಕೈಯಿಂದ ಹಾಕಿಸಿದರೆ ರದ್ದು. ಸೋಮವಾರ ಕೊನೆಯ ದಿನ. ತಪ್ಪಿದರೆ ಹೆದ್ದಾರಿಯ ಅಂಚು, ಲಾರಿಯ ಧೂಳು. ಹುಬ್ಬಳ್ಳಿಯ ಶಾಲೆಯಲ್ಲಿ ಅವಳು ಕೀಲಿಮಣೆ ಕಲಿತಿದ್ದಳು. ಪರದೆಯನ್ನು ಓದಿ ಹೇಳುವ ದನಿಯೊಂದು ಕಚೇರಿಯ ಕಂಪ್ಯೂಟರಿನಲ್ಲಿತ್ತು. ಆದರೆ ಅರ್ಜಿಯ ಗುಂಡಿಗಳೆಲ್ಲ ಚಿತ್ರ. ಚಿತ್ರ ಏನೆಂದು ಅದರ ಹಿಂದೆ ಯಾರಾದರೂ ಬರೆದಿಟ್ಟರಷ್ಟೇ ದನಿ ಓದುತ್ತಿತ್ತು; ಇಲ್ಲಿ ಬರೆದಿರಲಿಲ್ಲ, ಚಿತ್ರದ ಬಳಿ ಬಂದರೆ ಸುಮ್ಮನಾಗುತ್ತಿತ್ತು. ಗಂಗಿ ಮೂರು ಸಲ ಅಂದಾಜಿನಲ್ಲಿ ಒತ್ತಿದಳು. ಮೂರು ಸಲವೂ ತುಂಬಿದ್ದೆಲ್ಲ ಅಳಿಸಿಹೋಯಿತು.

ವೆಬ್‌ಸೈಟಿಗೆ ಟೈಪ್ ಮಾಡುವ ದಿನಗೂಲಿ ಸುಗಂಧಾ, ಗಂಗಿಯ ಚಿಕ್ಕಮ್ಮನ ಮಗಳು. ಸಾಹೇಬರು ಅವಳನ್ನು ಕರೆದರು.

“ಚಿತ್ರದ ಹಿಂದೆ ಮಾತಿಲ್ಲ ಅಂತ ಆ ಪರೀಕ್ಷಕ ಕೆಂಪು ಮಾಡ್ತಾನೆ. ಎಲ್ಲಾದಕ್ಕೂ ‘ಫೋಟೋ’ ಅಂತ ಹೊಡಿ. ಸೋಮವಾರ ಅಂಕೋಲೆಯವ್ರು ಬರ್ತಾರೆ. ಅವ್ರ ಎದ್ರಿಗೆ ಸೋಲೂಕೆ ಆಗೂದಿಲ್ಲ.”

“ಸಾರ್, ಗುಂಡಿಗೂ ಫೋಟೋ ಅಂದ್ರೆ ಅಕ್ಕಂಗೆ ಎಂತ ತಿಳೀತದೆ?”

“ಅಂಕ ಕೊಡೂದು ನಿನ್ನ ಅಕ್ಕನಾ?”

ಸುಗಂಧಾ ಇನ್ನೂರ ಹನ್ನೆರಡು ಸಲ ಟೈಪ್ ಮಾಡಿದಳು. ನೂರಕ್ಕೆ ನೂರು ಬಂತು. ಸಾಹೇಬರು ಪೇಡೆ ತರಿಸಿದರು.

ಗಂಗಿ ಕಿವಿಗೊಟ್ಟಳು. “ಫೋಟೋ. ಫೋಟೋ. ಫೋಟೋ.” ನಾಲ್ಕನೆಯ ಸಲವೂ ಅಳಿಸಿತು.

“ನೂರು ಬಂದದೆ. ಇನ್ನೂ ಆಗೂದಿಲ್ಲ ಅಂದ್ರೆ ತಪ್ಪು ನಿನ್ನ ಕಣ್ಣಿಂದು,” ಎಂದರು ಸಾಹೇಬರು.

ಹೊರಗೆ ಸುಗಂಧಾ ಅವಳ ಕೈ ಹಿಡಿದಳು. “ಸೋಮವಾರ ನಿನ್ನ ಅರ್ಜಿ ಹೋಗ್ತದೆ, ಅಕ್ಕಾ. ನಾ ಹೇಳ್ದೆ.”

“ಸಮುದ್ರದ ಆಣೆ?”

“ಸಮುದ್ರದ ಆಣೆ.”

ಸುಗಂಧಾ ಮತ್ತೆ ಇನ್ನೂರ ಹನ್ನೆರಡು ಸಲ ಟೈಪ್ ಮಾಡಿದಳು, ಈ ಸಲ ಒಂದೊಂದು ಚಿತ್ರಕ್ಕೂ ಬೇರೆ ಮಾತು. ಪರೀಕ್ಷಕ ಮತ್ತೆ ನೂರು ಕೊಟ್ಟ. ಮಾತು ಇದೆಯೇ ಎಂದಷ್ಟೇ ನೋಡುವವ ಅವನು. ಏನು ಮಾತೆಂದು ಕೇಳುವವನಲ್ಲ. ಸಾಹೇಬರೂ ಕೇಳಲಿಲ್ಲ.

ಸೋಮವಾರ ಅಂಕೋಲೆಯವರು ಬಂದು ಕುಳಿತರು. “ಆ ಕುರುಡೀನ ಕರ್ಕಂಡು ಬಾ, ತೋರ್ಸೂಕೆ. ಸಾಬೂನು ಹಾಕಿ ತೊಳ್ದು,” ಎಂದರು ಸಾಹೇಬರು ಸುಗಂಧಾಗೆ.

ಗಂಗಿ ಕುಳಿತಳು. ಧ್ವನಿವರ್ಧಕದಲ್ಲಿ ದನಿ ಇಂಗ್ಲಿಷ್ ರಾಗದಲ್ಲಿ ಕನ್ನಡ ಓದಿತು.

“ಫೋಟೋ ಒಂದು. ಸಾಹೇಬರು ರಿಬ್ಬನ್ ಕತ್ತರಿಸುತ್ತಿರುವುದು. ಮೀನಿನ ಹೆಂಗಸರನ್ನು ಗೇಟಿನ ಹೊರಗೆ ನಿಲ್ಲಿಸಿರುವುದು.”

“ಫೋಟೋ ಎರಡು. ಹೊಸ ಮಾರುಕಟ್ಟೆಯ ನಲ್ಲಿ. ನೀರು ಬರುವುದಿಲ್ಲ.”

“ಫೋಟೋ ಮೂರು. ಸಾಹೇಬರ ನಗುಮುಖ. ಗಂಗಿಯನ್ನು ದರಿದ್ರದವಳೇ ಎಂದದ್ದು ಇದೇ ಬಾಯಿ.”

ಅಂಕೋಲೆಯವರೊಬ್ಬರು ಕಚ್ಚಿದ ಪೇಡೆಯನ್ನು ತಟ್ಟೆಗೆ ವಾಪಸ್ ಇಟ್ಟರು.

“ಬಂದ್ ಮಾಡೇ, ರಂಡೆ!” ಸಾಹೇಬರು ಪ್ಲಗ್ಗಿನತ್ತ ನುಗ್ಗಿದರು. ಸುಗಂಧಾ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

“ನೂರಕ್ಕೆ ನೂರು ಬಂದದೆ, ಸಾರ್.”

“ನಾಳಿಂದ ನಿಂಗೆ ಕೆಲ್ಸ ಇಲ್ಲ!”

“ಹ್ಞೂಂ, ಸಾರ್,” ಎಂದಳು. ಬೆನ್ನು ಸರಿಸಲಿಲ್ಲ.

ಗಂಗಿ ಹೆಸರು ತುಂಬಿದಳು. ಊರು ತುಂಬಿದಳು. ಮುಂದಿನ ಗುಂಡಿಗೆ ಸರಿಯುವ ಕೀಲಿ ಒತ್ತಿದಳು.

“ಇದು ಅಳಿಸುವ ಗುಂಡಿ. ಬೇಡ, ಅಕ್ಕಾ.”

ಇನ್ನೊಮ್ಮೆ.

“ಇದು ಕಳಿಸುವ ಗುಂಡಿ. ಒತ್ತು.”

ಒತ್ತಿದಳು.

“ಅರ್ಜಿ ತಲುಪಿತು,” ಎಂದಿತು ದನಿ.